ಹೆಪ್ಪು ಕಾಣದ ನೀರು

ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ. ಬಿಸಿಲು 40 ಡಿಗ್ರಿಯ ಆಸುಪಾಸು. ಅಂಗಳದ ಬಂಡೆಗಲ್ಲಿನ ಮೇಲೆ ಬರಿಗಾಲು ಇಡಲಾಗದು. ಮೂರು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ದೂಳುಗಾಳಿ ಬೀಸುತ್ತದೆ, ನಾಲ್ಕು ದಪ್ಪ ಹನಿ ಬೀಳುತ್ತವೆ. ಅದರ ಹಿಂದೆಯೇ ತಗಡಿನ ಮೇಲೆ ಜಲ್ಲಿ ಸುರಿದಂತೆ ಸದ್ದು. 'ಆಣಿಕಲ್ಲ ಮಳಿ' ಎಂದು ಮಕ್ಕಳು ಕೂಗುತ್ತ ಹೊರಗೆ ಓಡುತ್ತಾರೆ, ದೊಡ್ಡವರು ಅವರನ್ನು ಒಳಗೆಳೆಯುತ್ತಾರೆ.

ಡಿಸೆಂಬರಿನ ಚಳಿಯಲ್ಲಿ ಬೀಳದ ಬರ್ಫ ಬೆಂಕಿಯಂಥ ಬೇಸಿಗೆಯಲ್ಲಿ ಏಕೆ ಬೀಳುತ್ತದೆ? ಈ ಪ್ರಶ್ನೆ ನಮ್ಮಲ್ಲಿ ಬಹುತೇಕರಿಗೆ ಒಮ್ಮೆಯಾದರೂ ಬಂದಿದೆ. 'ಮೇಲೆ ತಂಪು ಇರುತ್ತದೆ' ಎಂಬ ಅರ್ಧ ಉತ್ತರವೂ ಗೊತ್ತಿದೆ. ಉಳಿದರ್ಧ ಉತ್ತರ ಸಿಗುವುದು ಒಂದು ವಿಚಿತ್ರ ನೀರಿನಲ್ಲಿ. ಹೊಲದ ಮೇಲೆ ಆಣೆಕಲ್ಲು ಕಟ್ಟುವುದು ಅದೇ ನೀರು. ಪುಟ್ಟ ವಿಮಾನದ ರೆಕ್ಕೆಗೆ ಅಂಟಿಕೊಂಡು ಅದನ್ನು ಕೆಳಗೆ ಕೆಡಹುವುದೂ ಅದೇ. ಮೋಡ ಬಿತ್ತನೆಯ ವಿಮಾನ ಹುಡುಕಿಕೊಂಡು ಹೋಗುವುದೂ ಅದನ್ನೇ.

ಐದು ಕಿಲೋಮೀಟರ್ ದೂರದ ಚಳಿಗಾಲ

ಮೊದಲು ಗೊತ್ತಿರುವ ಅರ್ಧವನ್ನು ಮುಗಿಸಿಬಿಡೋಣ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕ, ಕಿಲೋಮೀಟರಿಗೆ ಆರೂವರೆ ಡಿಗ್ರಿ. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿಯಲ್ಲಿ ಇದಕ್ಕಿಂತ ಬೇಗ ಇಳಿಯುತ್ತದೆ. ಬೀದರ್ ಸೀಮೆಯ ನೆತ್ತಿಯ ಮೇಲೆ, ಬೇಸಿಗೆಯಲ್ಲಾಗಲಿ ಮಳೆಗಾಲದಲ್ಲಾಗಲಿ, ಸುಮಾರು ಐದು ಕಿಲೋಮೀಟರ್ ಎತ್ತರಕ್ಕೆ ಹೋದರೆ ಉಷ್ಣತೆ ಸೊನ್ನೆ ಮುಟ್ಟುತ್ತದೆ. ಐದು ಕಿಲೋಮೀಟರ್ ಎಂದರೆ ಸೈಕಲ್ ತುಳಿದುಕೊಂಡು ಪಕ್ಕದ ಹಳ್ಳಿಗೆ ಹೋಗುವಷ್ಟು ದೂರ. ಅಷ್ಟು ಹತ್ತಿರದಲ್ಲಿ ವರ್ಷವಿಡೀ ಚಳಿಗಾಲ ನಮ್ಮ ತಲೆಯ ಮೇಲೆಯೇ ಇದೆ.

ಬೇಸಿಗೆಯ ನೆಲ ಮಾಡುವ ಕೆಲಸ ಒಂದೇ: ಗಾಳಿಯನ್ನು ಕಾಯಿಸಿ ಆ ಚಳಿಗಾಲದೊಳಗೆ ರಭಸದಿಂದ ನೂಕುತ್ತದೆ. ಡಿಸೆಂಬರಿನ ನೆಲಕ್ಕೆ ಆ ಕಸುವಿಲ್ಲ.

ಹಾಲು, ಹೆಪ್ಪು, ಮೊಸರು

ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಇದನ್ನು ತುಸು ತಿದ್ದಿಕೊಳ್ಳಬೇಕು. ಬರ್ಫ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಇದರಲ್ಲಿ ತಪ್ಪಿಲ್ಲ. ಆದರೆ ನೀರು ಸೊನ್ನೆಗೆ ಬಂದೊಡನೆ ಬರ್ಫವಾಗಲೇಬೇಕೆಂಬ ನಿಯಮವಿಲ್ಲ.

ಇದಕ್ಕೆ ನಮ್ಮ ಭಾಷೆಯಲ್ಲೇ ಉತ್ತರ ಅಡಗಿದೆ. ನೀರು ಬರ್ಫವಾಗುವುದಕ್ಕೆ ನಾವು 'ಹೆಪ್ಪುಗಟ್ಟುವುದು' ಎನ್ನುತ್ತೇವೆ. ಹಾಲು ಮೊಸರಾಗುವುದಕ್ಕೂ ಅದೇ ಮಾತು. ಉಗುರು ಬೆಚ್ಚಗಿನ ಹಾಲನ್ನು ಪಾತ್ರೆಯಲ್ಲಿ ಮುಚ್ಚಿಟ್ಟರೆ ಸಾಕೇ? ಒಂದು ಚಮಚ ಹೆಪ್ಪು ಬೀಳದೆ ಒಳ್ಳೆಯ ಮೊಸರಾಗದು. ನೀರಿನ ಕಥೆಯೂ ಹಾಗೆಯೇ. ಬರ್ಫದಲ್ಲಿ ನೀರಿನ ಅಣುಗಳು ಆರು ಮೂಲೆಯ ಒಂದು ಕಟ್ಟುನಿಟ್ಟಾದ ವಿನ್ಯಾಸದಲ್ಲಿ ಕೂತಿರುತ್ತವೆ. ಓಡಾಡಿಕೊಂಡಿರುವ ಅಣುಗಳು ತಾವಾಗಿಯೇ ಆ ವಿನ್ಯಾಸಕ್ಕೆ ಬಂದು ನಿಲ್ಲುವುದು ಕಷ್ಟ. ಅದೇ ವಿನ್ಯಾಸವನ್ನು ಹೋಲುವ ಒಂದು ಕಣ, ಮಣ್ಣಿನ ದೂಳೋ ಕೊಳೆತ ಎಲೆಯ ಚೂರೋ, ಒಳಗೆ ಸಿಕ್ಕರೆ ಅದರ ಮೇಲೆ ಒಂದೊಂದಾಗಿ ಕೂರುತ್ತವೆ. ಅದನ್ನು ಹೆಪ್ಪುಕಣ ಎನ್ನೋಣ.

ಮೋಡದ ಹನಿ ಬಹಳ ಸಣ್ಣದು, ತಲೆಗೂದಲಿನ ದಪ್ಪದ ನಾಲ್ಕನೇ ಒಂದೋ ಐದನೇ ಒಂದೋ ಪಾಲು. ಒಂದು ಲೀಟರ್ ಮೋಡದಲ್ಲಿ ಇಂಥ ಹನಿಗಳು ಲಕ್ಷಗಟ್ಟಲೆ ಇರುತ್ತವೆ. ಆದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕೆಲಸ ಮಾಡಬಲ್ಲ ಹೆಪ್ಪುಕಣ ಅಷ್ಟೇ ಗಾಳಿಯಲ್ಲಿ ಇರುವುದು ಸುಮಾರು ಒಂದೇ ಒಂದು. ಲಕ್ಷ ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು! ಹೀಗಾಗಿ ಉಳಿದ ಹನಿಗಳು ಸೊನ್ನೆ ದಾಟಿ, ಹತ್ತು ಡಿಗ್ರಿ, ಇಪ್ಪತ್ತು ಡಿಗ್ರಿ ಕೆಳಗಿಳಿದರೂ ನೀರಾಗಿಯೇ ತೇಲುತ್ತಿರುತ್ತವೆ. ಇಂಗ್ಲಿಷಿನವರು ಇದನ್ನು ಸೂಪರ್‌ಕೂಲ್ಡ್ ನೀರು ಎನ್ನುತ್ತಾರೆ. ನಾವು ಹೆಪ್ಪು ಕಾಣದ ನೀರು ಎನ್ನೋಣ. ಅಮೆರಿಕದ ಟೆಕ್ಸಾಸಿನ ಮೋಡಗಳೊಳಗೆ ವಿಮಾನ ಹಾರಿಸಿ ಅಳೆದ ವಿಜ್ಞಾನಿಗಳು ಸೊನ್ನೆಗಿಂತ 37.5 ಡಿಗ್ರಿ ಕೆಳಗೂ ಹನಿ ನೀರಾಗಿಯೇ ಇದ್ದದ್ದನ್ನು ಕಂಡು 2000ನೇ ಇಸವಿಯಲ್ಲಿ ಪ್ರಕಟಿಸಿದರು. ಅದಕ್ಕಿಂತ ಸ್ವಲ್ಪ ಕೆಳಗೆ ಹೋದರೆ ಹೆಪ್ಪಿನ ಹಂಗೇ ಇಲ್ಲ, ಹನಿ ತಾನಾಗಿಯೇ ಗಡ್ಡೆಯಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಮುಚ್ಚಳ ಬಿಚ್ಚದ ಕುಡಿಯುವ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿ ಮಲಗಿಸಿ ಎರಡು ಗಂಟೆ ಅಲುಗಾಡಿಸದೆ ಬಿಡಿ. ಕಾಲ ಕೂಡಿಬಂದರೆ ಅದು ನೀರಾಗಿಯೇ ಹೊರಬರುತ್ತದೆ. ಕಟ್ಟೆಗೆ ಒಮ್ಮೆ ಕುಟ್ಟಿ ನೋಡಿ. ಕಣ್ಣೆದುರೇ ಬಿಳಿ ಸೂಜಿಗಳು ಮೇಲಿಂದ ಕೆಳಗೆ ಓಡುತ್ತವೆ. ನಾಲ್ಕೈದು ಸಲ ಸೋತ ಮೇಲೆ ಒಮ್ಮೆ ಗೆಲ್ಲುವ ಪ್ರಯೋಗವಿದು. ಮಕ್ಕಳ ಜೊತೆ ಮಾಡಿ.

ಒಂದು ಆಣೆಕಲ್ಲನ್ನು ಸೀಳಿದರೆ

ಹೆಪ್ಪು ಕಾಣದ ಹನಿಗಳ ಮೋಡದಲ್ಲಿ ಹೇಗೋ ಒಂದು ಹರಳು ಹುಟ್ಟಿತೆನ್ನಿ. ಬರ್ಫಕ್ಕೆ ಬರ್ಫದಂಥ ಹೆಪ್ಪು ಬೇರೆ ಇಲ್ಲ. ನಿನ್ನೆಯ ಮೊಸರೇ ಇವತ್ತಿನ ಹೆಪ್ಪು ಆಗುವಂತೆ, ಆ ಹರಳಿಗೆ ತಾಗಿದ ಪ್ರತಿ ಹನಿಯೂ ಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ಹರಳು ಬೆಳೆಯುತ್ತದೆ. ಕೆಳಗಿಂದ ಬಿಸಿಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನೆನೆಯಿರಿ. ಗಾಳಿ ಹೊಟ್ಟನ್ನು ಹೊತ್ತೊಯ್ಯುತ್ತದೆ, ತೂಕದ ಕಾಳು ಬೀಳುತ್ತದೆ. ಗಾಳಿ ಜೋರಿದ್ದಷ್ಟೂ ಹೆಚ್ಚು ತೂಕದ ಕಾಳನ್ನು ಎತ್ತಿ ಹಿಡಿಯುತ್ತದೆ. ನಿಂಬೆಹಣ್ಣಿನ ಗಾತ್ರದ ಆಣೆಕಲ್ಲು ಗಂಟೆಗೆ 70 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಅಂದರೆ ಅದು ಅಷ್ಟು ದೊಡ್ಡದಾಗುವವರೆಗೂ ಮೋಡದೊಳಗೆ ಅದೇ ವೇಗದ ಗಾಳಿ ಮೇಲ್ಮುಖವಾಗಿ ಬೀಸುತ್ತಿತ್ತು.

ದೊಡ್ಡ ಆಣೆಕಲ್ಲೊಂದನ್ನು ಚಾಕುವಿನಿಂದ ಸೀಳಿ ಬೆಳಕಿಗೆ ಹಿಡಿದರೆ ಈರುಳ್ಳಿಯಂತೆ ಸುತ್ತು ಸುತ್ತಿನ ಪದರ ಕಾಣುತ್ತದೆ. ಒಂದು ಪದರ ಸುಣ್ಣ ಬಳಿದಂತೆ ಬಿಳಿ, ಇನ್ನೊಂದು ಗಾಜಿನಂತೆ ತಿಳಿ, ಮತ್ತೆ ಬಿಳಿ. ಈ ಎರಡು ಬಣ್ಣಗಳಲ್ಲೇ ನಮ್ಮ ಕಥೆಯ ತಿರುಳು ಇದೆ.

ನೀರು ಗಡ್ಡೆಯಾಗುವಾಗ ಶಾಖವನ್ನು ಹೊರಬಿಡುತ್ತದೆ. ಪಠ್ಯದಲ್ಲಿ ಇದನ್ನು ಗುಪ್ತೋಷ್ಣ ಎಂದು ಓದಿದ್ದೇವೆ. ಒಂದು ಗ್ರಾಂ ನೀರು ಬರ್ಫವಾದರೆ 80 ಕ್ಯಾಲೊರಿ ಹೊರಬರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದೇ ಕ್ಯಾಲೊರಿ ಸಾಕು. ಈಗ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಹನಿಯೊಂದು ಆಣೆಕಲ್ಲಿಗೆ ತಾಗಿತು. ಅದರ ಎಂಟನೇ ಒಂದು ಪಾಲು ಗಡ್ಡೆಯಾಗುವಷ್ಟರಲ್ಲಿ ಹೊರಬಂದ ಶಾಖವೇ ಉಳಿದ ಏಳು ಪಾಲನ್ನು ಸೊನ್ನೆಗೆ ಏರಿಸಿಬಿಡುತ್ತದೆ. ಆ ಏಳು ಪಾಲು ನೀರಾಗಿಯೇ ಉಳಿದು, ಮೇಲ್ಮೈ ಮೇಲೆ ಹರಡಿ, ಗಾಳಿಗೆ ಶಾಖ ಬಿಟ್ಟುಕೊಡುತ್ತ ನಿಧಾನ ಗಟ್ಟಿಯಾಗಬೇಕು. ನಿಧಾನವಾದ್ದರಿಂದ ಒಳಗಿನ ಗಾಳಿಗುಳ್ಳೆಗಳಿಗೆ ತಪ್ಪಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಹಾಗೆ ಕಟ್ಟಿದ್ದು ತಿಳಿಯಾದ ಗಾಜುಮಂಜು.

ಚಳಿ ಹೆಚ್ಚಿದ್ದು ಹನಿ ಸಣ್ಣದಿದ್ದರೆ ಈ ಪುರುಸೊತ್ತು ಇಲ್ಲ. ಹನಿ ತಾಗಿದಲ್ಲೇ ಗಟ್ಟಿಯಾಗುತ್ತದೆ, ಸುತ್ತಲಿನ ಗಾಳಿಯನ್ನೂ ಒಳಗೇ ಸೆರೆಹಿಡಿಯುತ್ತದೆ. ಅದು ಬಿಳಿಯ ಸುಣ್ಣಮಂಜು. ಅಡುಗೆ ಮಾಡುವವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಚೆನ್ನಾಗಿ ಕಾದ ಹಂಚಿಗೆ ಹುಯ್ದ ದೋಸೆ ಹಿಟ್ಟು ಬಿದ್ದಲ್ಲೇ ಕಚ್ಚಿಕೊಂಡು ತೂತುತೂತಾಗುತ್ತದೆ. ಅರೆಗಾದ ಹಂಚಿನ ಮೇಲೆ ಹರಿದುಕೊಂಡು ಹೋಗುತ್ತದೆ. ಇಲ್ಲಿ ಬಿಸಿಯ ಜಾಗದಲ್ಲಿ ಚಳಿ ಇದೆ, ಅಷ್ಟೇ.

ಆಣೆಕಲ್ಲು ಮೋಡದ ಬೇರೆ ಬೇರೆ ಭಾಗಗಳನ್ನು ಹಾಯ್ದು ಬರುವುದರಿಂದ ಎರಡೂ ಪದರಗಳನ್ನು ಹೊತ್ತು ತರುತ್ತದೆ. ಅದರ ಸೀಳು ಆ ಮೋಡದ ದಿನಚರಿ ಎನ್ನಬಹುದು.

ರೆಕ್ಕೆಯೇ ಹೆಪ್ಪಾದಾಗ

ಈಗ ಅದೇ ಮೋಡದೊಳಗೆ ಪುಟ್ಟ ವಿಮಾನವೊಂದು ಹೊಕ್ಕಿತೆಂದುಕೊಳ್ಳಿ. ಹೆಪ್ಪಿಗಾಗಿ ಕಾದು ಕೂತ ಕೋಟ್ಯಂತರ ಹನಿಗಳ ನಡುವೆ ತಣ್ಣನೆಯ ಲೋಹದ ರೆಕ್ಕೆ ನುಗ್ಗುತ್ತದೆ. ಮೊದಲ ಹನಿಗಳು ರೆಕ್ಕೆಯ ಮುಂಚೂಣಿಗೆ ಬಡಿದು ಗಡ್ಡೆಯಾಗುತ್ತವೆ. ಆ ಮೇಲೆ ಗಡ್ಡೆಯೇ ಹೆಪ್ಪು.

ತೆಳ್ಳಗಿನ ಭಾಗಗಳಿಗೆ ಇದು ಮೊದಲು ಅಂಟುತ್ತದೆ. ಜನವರಿಯಲ್ಲಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹೊತ್ತಿನ ಒಂದು ಮಂಜಿನ ಬೆಳಗಿನಲ್ಲಿ ಹೊಲದ ಬದುವಿಗೆ ಹೋಗಿ ನೋಡಿ. ದಪ್ಪ ಕಂಬ ಬರೀ ತೇವವಾಗಿರುತ್ತದೆ, ಮುಳ್ಳುತಂತಿಯ ಮೇಲೂ ಜೇಡರ ಬಲೆಯ ಮೇಲೂ ಹನಿಗಳು ಮುತ್ತಿನಂತೆ ಸಾಲುಗಟ್ಟಿರುತ್ತವೆ. ದಪ್ಪ ವಸ್ತುವಿನ ಮುಂದೆ ಗಾಳಿ ದೂರದಿಂದಲೇ ಬಳಸಿಕೊಂಡು ಹೋಗುತ್ತ ಹನಿಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ತೆಳ್ಳಗಿನದರ ಮುಂದೆ ಗಾಳಿ ಕೊನೇ ಗಳಿಗೆಯಲ್ಲಿ ತಿರುಗುತ್ತದೆ, ಹನಿಗೆ ತಿರುಗಲಾಗದೆ ಬಡಿಯುತ್ತದೆ. ಆದ್ದರಿಂದ ವಿಮಾನದಲ್ಲಿ ಆಂಟೆನಾ, ಬಾಲದ ಕಿರುರೆಕ್ಕೆ, ವೇಗ ಅಳೆಯುವ ಸಣ್ಣ ಕೊಳವೆ ಇವುಗಳ ಮೇಲೆ ಬರ್ಫ ಮೊದಲು ಕೂರುತ್ತದೆ. ಪೈಲಟ್ ಕಿಟಕಿಯಿಂದ ನೋಡಿದಾಗ ರೆಕ್ಕೆ ಸ್ವಚ್ಛವಾಗಿ ಕಂಡರೂ ಕಣ್ಣಿಗೆ ಬೀಳದ ಬಾಲ ಗಡ್ಡೆಗಟ್ಟಿರಬಹುದು.

ಬರ್ಫದ ತೂಕಕ್ಕೆ ವಿಮಾನ ಬೀಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ತೂಕದ ಪಾಲು ಕಡಿಮೆ. ಕೇಡು ಮಾಡುವುದು ಆಕಾರ. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಅಂಟಿಕೊಂಡು ಹರಿದರೆ ಮಾತ್ರ ಅದು ವಿಮಾನವನ್ನು ಎತ್ತಿ ಹಿಡಿಯುತ್ತದೆ. ಬಡಿಗರು ಮರ ಉಜ್ಜುವ ಒರಟು ಮರಳು ಕಾಗದದಷ್ಟು ತರಿತರಿಯಾದ ಬರ್ಫ ಕೂತರೂ ಸಾಕು, ಎತ್ತುವ ಬಲ ಶೇಕಡಾ 30ರಷ್ಟು ಕುಗ್ಗಿ, ಗಾಳಿಯ ಎಳೆತ ಶೇಕಡಾ 40ರಷ್ಟು ಹೆಚ್ಚಬಹುದು. ವಿಮಾನ ತರಬೇತಿಯ ಪುಸ್ತಕಗಳು ಮೊದಲು ಹೇಳಿಕೊಡುವ ಅಂಕಿಗಳಿವು.

ಸುಣ್ಣಮಂಜು ಕೂತಲ್ಲೇ ಕೂರುತ್ತದೆ, ಕಣ್ಣಿಗೆ ಕಾಣುತ್ತದೆ. ನಾನು ಹೆಚ್ಚು ಹೆದರುವುದು ಗಾಜುಮಂಜಿಗೆ. ಏಳು ಪಾಲು ನೀರು ಉಳಿಯುತ್ತದೆ ಎಂದೆವಲ್ಲ, ಆ ನೀರು ರೆಕ್ಕೆಯ ಮೇಲೆ ಹಿಂದಕ್ಕೆ ಹರಿದು, ರಕ್ಷಣೆ ಇಲ್ಲದ ಜಾಗದಲ್ಲಿ ಗಟ್ಟಿಯಾಗುತ್ತದೆ.

ಎಟಿಆರ್ ರೆಕ್ಕೆಯ ಕಪ್ಪು ಪಟ್ಟಿ

2020ರ ಫೆಬ್ರುವರಿಯಲ್ಲಿ ಬೀದರಿನಿಂದ ಬೆಂಗಳೂರಿಗೆ ಮೊದಲ ಸಾರ್ವಜನಿಕ ವಿಮಾನ ಹಾರಿತು. ಅದು ಎಟಿಆರ್-72, ಎರಡು ಫ್ಯಾನಿನ ವಿಮಾನ. ಈ ಬಗೆಯ ವಿಮಾನದಲ್ಲಿ ಕಿಟಕಿ ಪಕ್ಕ ಕೂತವರು ರೆಕ್ಕೆಯ ಮುಂಚೂಣಿಯ ಉದ್ದಕ್ಕೂ ಕಪ್ಪು ಪಟ್ಟಿಯೊಂದನ್ನು ನೋಡಿರಬಹುದು. ಬಣ್ಣ ಬಳಿದಂತೆ ಕಾಣುವ ಅದು ರಬ್ಬರಿನ ಚೀಲ. ಬರ್ಫ ಕಟ್ಟಿದಾಗ ಅದರೊಳಗೆ ಗಾಳಿ ತುಂಬಿ ಉಬ್ಬಿಸುತ್ತಾರೆ. ಗಡ್ಡೆ ಬಿರಿದು ಚೂರಾಗಿ ಹಾರಿಹೋಗುತ್ತದೆ.

1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾದಲ್ಲಿ ಇದೇ ಮಾದರಿಯ ವಿಮಾನವೊಂದು ಇಳಿಯಲು ಅನುಮತಿಗಾಗಿ ಕಾಯುತ್ತ ಮೋಡದಲ್ಲಿ ಸುತ್ತು ಹಾಕುತ್ತಿತ್ತು. ಆ ಮೋಡದ ಹನಿಗಳು ಮಾಮೂಲಿಗಿಂತ ದಪ್ಪ, ತುಂತುರಿನಷ್ಟು. ಅವು ರಬ್ಬರ್ ಪಟ್ಟಿಯ ಹಿಂದೆ, ಚೀಲ ಮುಟ್ಟದ ಜಾಗದಲ್ಲಿ, ಒಂದು ದಿಂಡು ಕಟ್ಟಿದವು. ವಿಮಾನ ಏಕಾಏಕಿ ಮಗುಚಿ ರೋಸ್‌ಲಾನ್ ಎಂಬಲ್ಲಿ ಸೋಯಾ ಹೊಲಕ್ಕೆ ಬಿತ್ತು. ಒಳಗಿದ್ದ 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಬಳಿಕವೇ ಎಟಿಆರ್ ವಿಮಾನಗಳ ಕಪ್ಪು ಪಟ್ಟಿಯನ್ನು ಇನ್ನಷ್ಟು ಹಿಂದಕ್ಕೆ ಅಗಲಿಸಿದರು. ನಮ್ಮವರು ಬೀದರಿನಿಂದ ನಿಶ್ಚಿಂತೆಯಾಗಿ ಹಾರಿದ್ದರ ಹಿಂದೆ ಆ 68 ಜನರ ಋಣವೂ ಇದೆ.

ನಮ್ಮ ಆಕಾಶದಲ್ಲಿ ಪೈಲಟ್‌ಗಳಿಗೆ ಒಂದು ಅನುಕೂಲವಿದೆ. ಉತ್ತರ ಅಮೆರಿಕದ ಚಳಿಗಾಲದಲ್ಲಿ ನೆಲದವರೆಗೂ ಸೊನ್ನೆಗಿಂತ ಕೆಳಗಿನ ಗಾಳಿಯೇ ಇರಬಹುದು. ದಖನ್ನಿನ ಮೇಲೆ ಐದು ಕಿಲೋಮೀಟರ್ ಎತ್ತರದಿಂದ ಕೆಳಗಿಳಿದರೆ ಯಾವಾಗಲೂ ಬೆಚ್ಚನೆಯ ಗಾಳಿ. ಅಂಟಿದ ಬರ್ಫ ಕರಗಿ ಹೋಗುತ್ತದೆ.

ಎತ್ತರಕ್ಕೇ ಹೋಗದ ವಿಮಾನಕ್ಕೂ ಬರ್ಫ

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶುರುವಾಯಿತು. ಅಲ್ಲಿ ಪೈಲಟ್ ತರಬೇತಿ ಶಾಲೆಗಳಿಗೂ ಜಾಗ ಸಿಕ್ಕಿತು. ಇಂಥ ಶಾಲೆಗಳಲ್ಲಿ ಹಾರುವ ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನಕ್ಕೆ ಹೆಚ್ಚೆಂದರೆ 14,000 ಅಡಿ ಏರುವ ಶಕ್ತಿ. ಸೊನ್ನೆ ಡಿಗ್ರಿಯ ಗೆರೆ ಇರುವುದು 16,000 ಅಡಿಯ ಸುಮಾರಿಗೆ. ಅಲ್ಲಿಗೆ ಕಲಿಯುವ ಹುಡುಗ ಹುಡುಗಿಯರಿಗೆ ಬರ್ಫದ ಭಯವಿಲ್ಲ ಎನ್ನಬೇಕು. ಆದರೆ ಇದೆ.

ಚುಚ್ಚುಮದ್ದಿಗೆ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ, ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಅದೇ ಕಾರಣಕ್ಕೆ: ಆವಿಯಾಗುವ ದ್ರವ ಸುತ್ತಲಿನ ಶಾಖವನ್ನು ಹೀರುತ್ತದೆ. ಹಳೆ ಮೋಟರ್ ಸೈಕಲ್ಲಿನಲ್ಲಿ ಇರುವಂತೆ ಅನೇಕ ಪುಟ್ಟ ವಿಮಾನಗಳಲ್ಲೂ ಕಾರ್ಬೊರೇಟರ್ ಇರುತ್ತದೆ. ಅದರ ಕಿರಿದಾದ ಗಂಟಲಿನಲ್ಲಿ ಪೆಟ್ರೋಲು ಆವಿಯಾಗುವಾಗ ಉಷ್ಣತೆ 20 ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ಕುಸಿಯುತ್ತದೆ. ಹೊರಗೆ ಆಷಾಢದ ತೇವದ ಗಾಳಿ, ಉಷ್ಣತೆ 22 ಡಿಗ್ರಿ. ಒಳಗೆ ಸೊನ್ನೆ. ಗಾಳಿಯ ತೇವ ಆ ಗಂಟಲಿನಲ್ಲಿ ಬರ್ಫವಾಗಿ ಕಟ್ಟುತ್ತ ಬಂದು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ತೇವ ಇದ್ದರೆ ಹೊರಗೆ 38 ಡಿಗ್ರಿ ಇದ್ದಾಗಲೂ ಇದು ಆಗಬಹುದೆಂದು ಅಮೆರಿಕದ ವಿಮಾನಯಾನ ಆಡಳಿತದ ಕೈಪಿಡಿ ಎಚ್ಚರಿಸುತ್ತದೆ. ಅದಕ್ಕೇ ಅಂಥ ವಿಮಾನಗಳಲ್ಲಿ ಬಿಸಿಗಾಳಿಯನ್ನು ಕಾರ್ಬೊರೇಟರಿಗೆ ತಿರುಗಿಸುವ ಒಂದು ಗುಬಟು ಇರುತ್ತದೆ. ಇಳಿಯುವ ಮುನ್ನ ಅದನ್ನು ಎಳೆಯುವುದನ್ನು ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಇಲ್ಲಿ ಮೋಡವೂ ಬೇಡ, ಎತ್ತರವೂ ಬೇಡ.

ಬರ್ಫವನ್ನು ಹುಡುಕಿಕೊಂಡು

ಎಲ್ಲರೂ ತಪ್ಪಿಸಿಕೊಳ್ಳುವ ಮೋಡದೊಳಕ್ಕೆ ಬೇಕೆಂದೇ ಹೋಗುವವರೂ ಇದ್ದಾರೆ. 1946ರ ಜುಲೈ ತಿಂಗಳು, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ವಿನ್ಸೆಂಟ್ ಶೇಫರ್ ಎಂಬಾತ ಫ್ರೀಜರಿನೊಳಗೆ ತನ್ನ ಉಸಿರನ್ನು ಊದಿ ಹೆಪ್ಪು ಕಾಣದ ಹನಿಗಳ ಮೋಡ ಮಾಡಿಕೊಂಡು ಪ್ರಯೋಗ ನಡೆಸುತ್ತಿದ್ದ. ಬಿಸಿಲಿನ ದಿನ. ಫ್ರೀಜರ್ ಸಾಕಷ್ಟು ತಣ್ಣಗಾಗಲಿಲ್ಲವೆಂದು ಒಣಬರ್ಫದ, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡಿನ, ತುಂಡೊಂದನ್ನು ಒಳಗಿಟ್ಟ. ಕ್ಷಣದಲ್ಲಿ ಇಡೀ ಮೋಡ ಮಿನುಗುವ ಹರಳುಗಳಾಗಿ ಬದಲಾಯಿತು. ಅದೇ ನವೆಂಬರ್ 13ರಂದು ಸಣ್ಣ ವಿಮಾನದಿಂದ ನಿಜವಾದ ಮೋಡಕ್ಕೆ ಒಣಬರ್ಫ ಸುರಿದ. ಮೋಡದಿಂದ ಹಿಮ ಉದುರಿತು. ಅವನ ಜೊತೆಗಾರ ಬರ್ನಾರ್ಡ್ ವಾನೆಗಟ್ ಆ ಬಳಿಕ ಇನ್ನೂ ಒಳ್ಳೆಯ ಹೆಪ್ಪು ಕಂಡುಹಿಡಿದ: ಬೆಳ್ಳಿಯ ಅಯೊಡೈಡ್. ಅದರ ಹರಳಿನ ವಿನ್ಯಾಸ ಬರ್ಫದ್ದನ್ನೇ ಹೋಲುತ್ತದೆ.

ಕರ್ನಾಟಕ ಸರ್ಕಾರ 2003ರಲ್ಲಿ 'ವರುಣ' ಎಂದೂ, 2017ರ ಆಗಸ್ಟಿನಲ್ಲಿ ಜಕ್ಕೂರಿನಿಂದ 'ವರ್ಷಧಾರೆ' ಎಂದೂ ನಡೆಸಿದ ಮೋಡ ಬಿತ್ತನೆಯ ಹಿಂದಿರುವ ತತ್ವ ಇದು. ಬಿತ್ತನೆ ಎಂಬ ಮಾತಿಗಿಂತ 'ಹೆಪ್ಪು ಹಾಕುವುದು' ಎಂಬ ಮಾತೇ ಇದಕ್ಕೆ ಸರಿ. ಬಿತ್ತಿದರೆ ಇಲ್ಲದ ಬೆಳೆ ಹುಟ್ಟುತ್ತದೆ. ಹೆಪ್ಪಿಗೆ ಹಾಲು ಮೊದಲೇ ಇರಬೇಕು.

ನಮ್ಮ ಸೀಮೆಯ ಪಡುವಣ ದಿಕ್ಕಿಗಿರುವ ಸೊಲ್ಲಾಪುರದಲ್ಲಿ ಮೋಡ ಬಿತ್ತನೆಯನ್ನು ಶ್ರದ್ಧೆಯಿಂದ ಪರೀಕ್ಷಿಸಿದ್ದಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲಗಳಲ್ಲಿ ಎರಡು ವಿಮಾನಗಳೊಂದಿಗೆ 276 ಮೋಡಗಳನ್ನು ಅಧ್ಯಯನ ಮಾಡಿದರು. ಕೆಲವಕ್ಕೆ ಬಿತ್ತಿದರು, ಹೋಲಿಕೆಗಾಗಿ ಕೆಲವನ್ನು ಹಾಗೆಯೇ ಬಿಟ್ಟರು. ಅಲ್ಲಿ ಬಳಸಿದ್ದು ಬರ್ಫದ ಹೆಪ್ಪಲ್ಲ, ಮೋಡದ ಬೆಚ್ಚನೆಯ ಬುಡದಲ್ಲಿ ನೀರು ಹೀರುವ ಉಪ್ಪಿನಂಥ ಕಣ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದನ್ನು ನೆನೆಯಿರಿ. ಗಾಳಿ ಸಾಗುವ ದಿಕ್ಕಿನ 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮಳೆ ಸುಮಾರು ಶೇಕಡಾ 18ರಷ್ಟು ಹೆಚ್ಚಿತೆಂದು 2023ರಲ್ಲಿ ಪ್ರಕಟಿಸಿದರು. ಇದು ಸಣ್ಣ ಮಾತಲ್ಲ. ಆದರೆ ಮೋಡವೇ ಬಾರದ ಬರಗಾಲಕ್ಕೆ ಇದು ಮದ್ದಲ್ಲ, ಹಾಗೆಂದು ರೈತರಿಗೆ ಆಸೆ ತೋರಿಸುವುದು ತಪ್ಪು.

ಮಳೆಮಾಪಕ ಬರೆದುಕೊಳ್ಳದ ಸಂಗತಿ

2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಆಣೆಕಲ್ಲು ಮತ್ತೆ ಮತ್ತೆ ಬಡಿಯಿತು. ಕೊಯ್ಲಿಗೆ ಬಂದ ಜೋಳ, ಕಡಲೆ, ದ್ರಾಕ್ಷಿ ನೆಲಕಚ್ಚಿದವು. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ದೊಡ್ಡ ವಿಮಾನದ ಮೂತಿಯನ್ನೇ ಆಣೆಕಲ್ಲು ಜಜ್ಜಿತು. ಅದು ಹೇಗೋ ಸುರಕ್ಷಿತವಾಗಿ ಇಳಿಯಿತು. ಇಷ್ಟು ಬಲದ ಆಣೆಕಲ್ಲು ನೆಲದ ಮೇಲೆ ಬೇಗನೆ ಕರಗಿಹೋಗುತ್ತದೆ. ಕೆಲವೇ ಚದರ ಕಿಲೋಮೀಟರಿನಲ್ಲಿ ಬಿದ್ದು ಪಕ್ಕದೂರನ್ನು ಬಿಟ್ಟುಬಿಡುತ್ತದೆ. ಮಳೆಮಾಪಕ ಅದನ್ನೂ ಬರೀ ನೀರೆಂದೇ ಅಳೆಯುತ್ತದೆ.

ಆದ್ದರಿಂದ ಮುಂದಿನ ಸಲ ತಗಡಿನ ಮೇಲೆ ಸದ್ದು ನಿಂತ ಮೇಲೆ, ನಿಲ್ಲುವ ಮೊದಲಲ್ಲ, ಅಂಗಳಕ್ಕೆ ಇಳಿದು ದೊಡ್ಡದೊಂದನ್ನು ಎತ್ತಿಕೊಳ್ಳಿ. ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಸೀಳಿ, ಬಿಳಿ ಪದರ ಎಷ್ಟು, ತಿಳಿ ಪದರ ಎಷ್ಟು ಎಂದು ಮಕ್ಕಳಿಂದ ಎಣಿಸಿ. ದಿನ, ಹೊತ್ತು ಬರೆದಿಡಿ. ಆಮೇಲೆ ಹೊಲಕ್ಕೆ ಹೋಗಿ ಅಲ್ಲಿಯದೂ ಫೋಟೊ ತೆಗೆಯಿರಿ. ಫಸಲ್ ಬಿಮಾ ಮಾಡಿಸಿದ ಬೆಳೆ ಆಣೆಕಲ್ಲಿಗೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು.